ಆಕಾಶದಲ್ಲೊಂದು ಆಲೆಮನೆ

ಸಂಕ್ರಾಂತಿ ಕಳೆದರೂ ಚಳಿ ಬಿಡದ ದಿನಗಳಲ್ಲಿ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಆಲೆಮನೆ ಏಳುತ್ತದೆ. ಕರೆದವರು, ಕರೆಯದವರು, ‘ಇಲ್ಲೇ ಹೊರಟಿದ್ದೆ, ಬೆಂಕಿ ಕಂಡಿತು’ ಎನ್ನುತ್ತ ಬಂದವರು, ಎಲ್ಲರ ಕೈಗೂ ಒಂದೊಂದು ಲೋಟ ಕಬ್ಬಿನ ಹಾಲು. ಜತೆಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಈಗ ಬಹುತೇಕ ಕಡೆ ಗಾಣಕ್ಕೆ ಎಂಜಿನ್ ಬಂದಿದೆ. ಆದರೂ ಸಿದ್ದಾಪುರ ತಾಲೂಕಿನಲ್ಲಿ ನಾನು ಹೋಗಿದ್ದ ಮನೆಯವರು ಮಕ್ಕಳಿಗೆ ತೋರಿಸಲೆಂದು ಹಟ ಹಿಡಿದು ಕೋಣನನ್ನೇ ಕಟ್ಟಿದ್ದರು. ಕೋಣ ಸುತ್ತುತ್ತಿತ್ತು, ಅದರ ಹೆಗಲಿನಿಂದ ಗಾಣದ ನೆತ್ತಿಯವರೆಗಿನ ಉದ್ದನೆಯ ತೊಲೆಯೂ ಸುತ್ತುತ್ತಿತ್ತು. ಕಬ್ಬು ಕೊಡುವವನು ತೊಲೆ ಬಂದಾಗಲೆಲ್ಲ ತಲೆ ತಗ್ಗಿಸಿ, ಅದು ದಾಟಿದ ಮೇಲೆ ಮತ್ತೆರಡು ಕೋಲು ಗಾಣದ ಬಾಯಿಗೆ ತುರುಕುತ್ತಿದ್ದ. ಒಂಬತ್ತರ ಹೊತ್ತಿಗೆ ಕರೆಂಟು ಹೋಯಿತು. ಅಂಗಳದ ಎಲ್‌ಇಡಿ ಬಲ್ಬು ಆರಿದ್ದೇ ತಡ, ತಲೆಯ ಮೇಲೆ ತೆಳುವಾಗಿ ಬೂದಿ ಎರಚಿದಂಥ ಪಟ್ಟಿಯೊಂದು ಮೂಡಿತು.

‘ಅದೆಂತದು, ಒಲೆಯ ಹೊಗೆಯಾ?’ ಎಂದು ಒಬ್ಬ ಹುಡುಗ ಕೇಳಿದ.

ಅದು ಆಕಾಶಗಂಗೆ ಎಂದೆ. ಅಷ್ಟಕ್ಕೇ ಬಿಡಬಹುದಿತ್ತು, ಆದರೆ ಎದುರಿಗೆ ತೊಲೆ ಸುತ್ತುತ್ತಿತ್ತಲ್ಲ, ಬಾಯಿ ಸುಮ್ಮನಿರಲಿಲ್ಲ. ‘ಅದರ ನಡುವೆಯೂ ಇಂಥದೇ ಒಂದು ತೊಲೆ ಸುತ್ತುತ್ತಾ ಇದೆ’ ಎಂದುಬಿಟ್ಟೆ. ಹುಡುಗ ನಂಬಲಿಲ್ಲ. ಈ ಅಂಕಣ ಅವನಿಗೆ ಕೊಡಬೇಕಾಗಿದ್ದ ಉತ್ತರ.

ಗ್ಯಾಲಕ್ಸಿ ಎಂದೊಡನೆ ನಾವು ಪಠ್ಯಪುಸ್ತಕದಲ್ಲಿ ಕಂಡ ಸುರುಳಿಯನ್ನು ನೆನೆಯುತ್ತೇವೆ. ನಡುವೆ ಉಂಡೆ, ಉಂಡೆಯಿಂದ ಹೊರಟ ಬಾಹುಗಳು. ನಿಜಕ್ಕೆ ನಮ್ಮ ಸುತ್ತಮುತ್ತಲಿನ ಸುರುಳಿ ಗ್ಯಾಲಕ್ಸಿಗಳಲ್ಲಿ ಸುಮಾರು ಮೂರರಲ್ಲಿ ಎರಡಕ್ಕೆ ನಡುವೆ ಉದ್ದನೆಯ ದಂಡವೊಂದಿರುತ್ತದೆ. ಸುರುಳಿಬಾಹುಗಳು ದಂಡದ ಎರಡು ತುದಿಗಳಿಂದ ಹೊರಟು ಬಾಗುತ್ತವೆ. ಇವನ್ನು ದಂಡಸುರುಳಿ ಗ್ಯಾಲಕ್ಸಿ ಎನ್ನೋಣ. ಗಾಣದ ತೊಲೆಯಂತೆ ಈ ದಂಡವೂ ಇಡಿಯಾಗಿ, ಒಂದೇ ಲಯದಲ್ಲಿ ತಿರುಗುತ್ತದೆ. ವ್ಯತ್ಯಾಸ ಇಷ್ಟೆ: ಗಾಣದ ತೊಲೆ ಗಟ್ಟಿ ಮರ, ಆಕಾಶದ ತೊಲೆ ನಕ್ಷತ್ರಗಳ ಓಡಾಟ. ಒಂದೊಂದು ನಕ್ಷತ್ರವೂ ತನ್ನದೇ ಆದ ಉದ್ದುದ್ದ ಮೊಟ್ಟೆಯಾಕಾರದ ದಾರಿಯಲ್ಲಿ ಹೋಗಿ ಬರುತ್ತಿರುತ್ತದೆ. ಕೋಟಿಗಟ್ಟಲೆ ಮೊಟ್ಟೆದಾರಿಗಳು ಒಂದೇ ದಿಕ್ಕಿಗೆ ಮುಖ ಮಾಡಿದಾಗ ದೂರದಿಂದ ನೋಡುವವರಿಗೆ ತೊಲೆ ಕಾಣುತ್ತದೆ. ಇರುವೆ ಸಾಲನ್ನು ದೂರದಿಂದ ಕಂಡು ದಾರ ಎಂದುಕೊಳ್ಳುವುದಿಲ್ಲವೇ, ಹಾಗೆ.

ಆ ರಾತ್ರಿ ನೋಡಲು ಸಿಗುತ್ತಿದ್ದ ಒಂದು ಗ್ಯಾಲಕ್ಸಿಯ ಹೆಸರು ಎನ್‌ಜಿಸಿ 1097. ಹೆಸರು ಪಹಣಿ ನಂಬರಿನಂತಿದೆ, ಏನು ಮಾಡುವುದು. ಅದಿರುವ ನಕ್ಷತ್ರಪುಂಜದ ಹೆಸರು ಮಾತ್ರ ನಮ್ಮ ಸಂದರ್ಭಕ್ಕೆ ಹೇಳಿಮಾಡಿಸಿದಂತಿದೆ: ಫೋರ್ನ್ಯಾಕ್ಸ್, ಅಂದರೆ ಕುಲುಮೆ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲಕಾಯ್ ಎಂಬ ಖಗೋಳಜ್ಞ ಆಫ್ರಿಕದ ದಕ್ಷಿಣ ತುದಿಗೆ ಹೋಗಿ, ಖಾಲಿ ಕಂಡ ಆಕಾಶದ ಮೂಲೆಗಳಿಗೆಲ್ಲ ಪ್ರಯೋಗಶಾಲೆಯ ಸಾಮಾನುಗಳ ಹೆಸರಿಟ್ಟ. ಆಗ ಒಲೆಗೂ ಒಂದು ಜಾಗ ಸಿಕ್ಕಿತು. ಎನ್‌ಜಿಸಿ 1097 ಅನ್ನು ಮೊದಲು ಕಂಡವನು ವಿಲಿಯಂ ಹರ್ಶೆಲ್, 1790ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನ ಸ್ಲೌ ಊರಿನಿಂದ. ಆ ಊರಿನಲ್ಲಿ ಈ ಗ್ಯಾಲಕ್ಸಿ ದಿಗಂತದಿಂದ ಮೇಲೇಳುವುದು ಹೆಚ್ಚೆಂದರೆ ಎಂಟು ಡಿಗ್ರಿ. ಪುಣ್ಯಾತ್ಮ ಮಂಜು, ಮಸುಕು, ಮರಗಳ ತಲೆ ತಪ್ಪಿಸಿ ಹೇಗೆ ಹಿಡಿದನೋ. ಶಿರಸಿಯಲ್ಲಿ ಅದೇ ಗ್ಯಾಲಕ್ಸಿ ನೆತ್ತಿಗೂ ದಕ್ಷಿಣ ದಿಗಂತಕ್ಕೂ ಸರಿಯಾಗಿ ನಡುವೆ, 45 ಡಿಗ್ರಿ ಎತ್ತರಕ್ಕೆ ಬರುತ್ತದೆ. ಇಷ್ಟು ಅನುಕೂಲವಿದ್ದೂ ನಮ್ಮಲ್ಲಿ ಅದನ್ನು ನೋಡಿದವರು ಬೆರಳೆಣಿಕೆಯಷ್ಟು.

ದೂರ ಸುಮಾರು ನಾಲ್ಕೂವರೆ ಕೋಟಿ ಜ್ಯೋತಿರ್ವರ್ಷ. ನೆಟ್ಟಗೆ ನಿಂತ ತೊಲೆ, ಎರಡು ದೊಡ್ಡ ಬಾಹು. ಒಂದು ಬಾಹುವಿನ ಮಗ್ಗುಲಲ್ಲಿ, ಅಂಚಿಗೆ ತಾಗಿಯೇ ಕೂತಂತೆ, ಮೊಟ್ಟೆಯಾಕಾರದ ಒಂದು ಸಣ್ಣ ಗ್ಯಾಲಕ್ಸಿ: ಎನ್‌ಜಿಸಿ 1097ಎ. ದೊಡ್ಡ ಗ್ಯಾಲಕ್ಸಿಯ ನಡುವಿನಿಂದ ಅದಕ್ಕಿರುವ ದೂರ ಸುಮಾರು 42,000 ಜ್ಯೋತಿರ್ವರ್ಷ. ಈ ಜೋಡಿ ಒಂದನ್ನೊಂದು ಎಳೆದಾಡುತ್ತಿದೆ. 1966ರಲ್ಲಿ ಹಾಲ್ಟನ್ ಆರ್ಪ್ ಸೊಟ್ಟಪಟ್ಟ, ವಿಚಿತ್ರ ಗ್ಯಾಲಕ್ಸಿಗಳ 338 ಚಿತ್ರಗಳ ಸಂಪುಟ ತಂದಾಗ ಇದಕ್ಕೆ 77ನೆಯ ಸ್ಥಾನ ಕೊಟ್ಟ.

ಈಗ ಗಾಣ ಏನು ಮಾಡುತ್ತದೆ ನೋಡಿ. ತೊಲೆ ಸುತ್ತಿದ್ದಕ್ಕೆ ಫಲವಾಗಿ ರಸ ಇಳಿಯುತ್ತದೆ. ಗ್ಯಾಲಕ್ಸಿಯ ತೊಲೆಯೂ ರಸ ಇಳಿಸುತ್ತದೆ, ಅಲ್ಲಿ ರಸವೆಂದರೆ ಅನಿಲ. ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆ ನುಸುಳಿ ಹೋಗಬಲ್ಲವು, ಅನಿಲದ ಮೋಡಗಳಿಗೆ ಅದು ಸಾಧ್ಯವಿಲ್ಲ. ತಿರುಗುವ ತೊಲೆಯ ಸೆಳೆತಕ್ಕೆ ಸಿಕ್ಕ ಮೋಡಗಳು ಎದುರಾಬದುರಾಗಿ ಬಡಿದುಕೊಳ್ಳುತ್ತವೆ, ಓಟದ ಬಲ ಕಳೆದುಕೊಳ್ಳುತ್ತವೆ, ಓಟ ತಗ್ಗಿದವು ಒಳಕ್ಕೆ ಜಾರುತ್ತವೆ. ಚಿತ್ರಗಳಲ್ಲಿ ತೊಲೆಯ ಉದ್ದಕ್ಕೂ ಕಾಣುವ ಕಪ್ಪು ಧೂಳಿನ ಗೆರೆಗಳು ಈ ಜಾರುದಾರಿಗಳೇ. ಜಾರಿದ ಅನಿಲ ನೇರ ಕೇಂದ್ರಕ್ಕೆ ಬೀಳುವುದಿಲ್ಲ. ಕೊಪ್ಪರಿಗೆಯ ಅಂಚಿನಲ್ಲಿ ನೊರೆ ಸುತ್ತುಗಟ್ಟುವ ಹಾಗೆ, ಕೇಂದ್ರದ ಸುತ್ತ ಒಂದು ಬಳೆಯಾಗಿ ನಿಲ್ಲುತ್ತದೆ. ಎನ್‌ಜಿಸಿ 1097ರಲ್ಲಿ ಈ ಬಳೆಯ ಅಗಲ ಸುಮಾರು 5,000 ಜ್ಯೋತಿರ್ವರ್ಷ. ಅನಿಲ ಅಷ್ಟು ದಟ್ಟವಾದ ಮೇಲೆ ಅದು ಕುಸಿದು ನಕ್ಷತ್ರವಾಗದೆ ವಿಧಿಯಿಲ್ಲ. ಆ ಬಳೆಯ ತುಂಬ ಎಳೆಯ ನಕ್ಷತ್ರಗಳು ಒಮ್ಮೆಗೇ ಹೊತ್ತಿಕೊಂಡು ಧಗಧಗಿಸುತ್ತಿವೆ. ಬಳೆಯ ನಡುವೆ ಒಂದು ಕಪ್ಪುಕುಳಿ. ಚಿಲಿ ದೇಶದ ಮರುಭೂಮಿಯ ಆಲ್ಮಾ ದೂರದರ್ಶಕಗಳಿಂದ 2015ರಲ್ಲಿ ಅದನ್ನು ತೂಗಿದರು: ಸುಮಾರು 14 ಕೋಟಿ ಸೂರ್ಯರಷ್ಟು. ಬಳೆ ದಾಟಿ ಒಳಗೆ ಜಿನುಗಿದ ಚೂರುಪಾರು ಅನಿಲ ಅದರ ಪಾಲು.

ತೊಲೆ ಮೂಡುವುದಕ್ಕೆ ಪಕ್ಕದವರ ಎಳೆತ ಬೇಕೇಬೇಕೆಂದಿಲ್ಲ. ತಿರುಗುವ ನಕ್ಷತ್ರಗಳ ತೆಳ್ಳನೆಯ ತಟ್ಟೆಯನ್ನು ಅದರ ಪಾಡಿಗೆ ಬಿಟ್ಟರೂ ಕಾಲಾಂತರದಲ್ಲಿ ನಡುವೆ ತೊಲೆ ಕಟ್ಟಿಕೊಳ್ಳುವುದುಂಟು. 1970ರ ದಶಕದ ಆರಂಭದಲ್ಲೇ ಕಂಪ್ಯೂಟರ್ ಲೆಕ್ಕಗಳು ಇದನ್ನು ತೋರಿಸಿದ್ದವು. ಆದರೆ ಪಕ್ಕದಲ್ಲೊಂದು ಗ್ಯಾಲಕ್ಸಿ ಹಾದುಹೋದರೆ ಕೆಲಸ ಬೇಗ ಆಗುತ್ತದೆ. ಅದು ಹೇಗೆಂದು ತಿಳಿಯಲು ಘಟ್ಟ ಇಳಿಯಬೇಕು.

ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ. ನಮಗೆ ಅದು ಒಂದೇ ದಿಕ್ಕಿಗೆ ಹರಿಯುವ ಹೊಳೆ. ಅದೇ ಹೊಳೆ ಕುಮಟಾ ಕಡೆ ಸಮುದ್ರ ಮುಟ್ಟುವಲ್ಲಿ ದಿನಕ್ಕೆರಡು ಸಲ ಉಬ್ಬಿ ಹಿಂದಕ್ಕೆ ಬರುತ್ತದೆ. ಗಜನಿ ಗದ್ದೆ ಮಾಡುವವರು, ಬಳಚು ಹೆಕ್ಕುವವರು ಈ ಎರಡು ಉಬ್ಬರದ ಲೆಕ್ಕದಲ್ಲೇ ಬದುಕುತ್ತಾರೆ. ಚಂದ್ರ ಒಂದೇ ಇರುವಾಗ ಉಬ್ಬರ ಎರಡೇಕೆ? ಚಂದ್ರನ ಸೆಳೆತ ಭೂಮಿಯ ಹತ್ತಿರದ ಮಗ್ಗುಲಿಗೆ ಹೆಚ್ಚು, ನಡುವಿಗೆ ಮಧ್ಯಮ, ಆಚೆ ಮಗ್ಗುಲಿಗೆ ಕಡಿಮೆ. ಈಚೆಯ ನೀರು ಚಂದ್ರನ ಕಡೆ ಜಗ್ಗಲ್ಪಡುತ್ತದೆ, ಆಚೆಯ ನೀರು ಹಿಂದೆ ಉಳಿಯುತ್ತದೆ. ಎರಡು ಕಡೆ ಉಬ್ಬು. ಗ್ಯಾಲಕ್ಸಿಗೂ ಇದೇ ಲೆಕ್ಕ. ಸಂಗಾತಿ ಹತ್ತಿರ ಬಂದಾಗ ತಟ್ಟೆಯ ಎರಡು ಕಡೆಯೂ ಉಬ್ಬುತ್ತದೆ, ತಟ್ಟೆ ತಿರುಗುತ್ತಿರುವುದರಿಂದ ಉಬ್ಬುಗಳು ಎಳೆದುಕೊಂಡು ಬಾಗುತ್ತವೆ. ಒಂದು ಎಳೆ ಸಂಗಾತಿಯತ್ತ ಸೇತುವೆಯಾಗುತ್ತದೆ, ಇನ್ನೊಂದು ವಿರುದ್ಧ ದಿಕ್ಕಿಗೆ ಬಾಲವಾಗುತ್ತದೆ. 1972ರಲ್ಲಿ ಆಲಾರ್ ಮತ್ತು ಯೂರಿ ಟೂಮ್ರೆ ಎಂಬ ಅಣ್ಣತಮ್ಮಂದಿರು ಅಂದಿನ ಬಡ ಕಂಪ್ಯೂಟರಿನಲ್ಲಿ ಒಂದಿಷ್ಟು ಚುಕ್ಕೆಗಳನ್ನು ಓಡಿಸಿ, ಆರ್ಪ್‌ನ ಸಂಪುಟದಲ್ಲಿದ್ದ ಬಾಲ-ಸೇತುವೆಗಳನ್ನೇ ಪಡಿಮೂಡಿಸಿ ತೋರಿಸಿದರು. ಅಲ್ಲಿಯವರೆಗೆ ಬರೀ ಗುರುತ್ವದಿಂದ ಅಂಥ ಆಕಾರ ಬರುತ್ತದೆಂದು ಒಪ್ಪದವರು ಬಹಳ ಮಂದಿ ಇದ್ದರು.

ಎರಡು ಗ್ಯಾಲಕ್ಸಿ ಡಿಕ್ಕಿ ಎಂದರೆ ನಕ್ಷತ್ರಗಳೆಲ್ಲ ಚೂರುಚೂರು ಎಂದು ಹೆದರಬೇಕಿಲ್ಲ. ಸೂರ್ಯನನ್ನು ಮೂರು ಸೆಂಟಿಮೀಟರಿನ ಒಂದು ಸುಲಿದ ಅಡಿಕೆ ಎಂದುಕೊಂಡು ಶಿರಸಿಯ ಪೇಟೆಯಲ್ಲಿಡಿ. ಅತಿ ಹತ್ತಿರದ ನಕ್ಷತ್ರವೆಂಬ ಇನ್ನೊಂದು ಅಡಿಕೆಯನ್ನು ಇಡಬೇಕಾದ್ದು ನಾಗಪುರದಲ್ಲಿ. ನಡುವಿನ 850 ಕಿಲೋಮೀಟರಿನಲ್ಲಿ ಬೇರೆ ಅಡಿಕೆಯೇ ಇಲ್ಲ. ಇಂಥ ಎರಡು ತೋಟ ಒಂದರೊಳಗೊಂದು ಹಾದುಹೋದರೆ ಅಡಿಕೆಗೆ ಅಡಿಕೆ ತಾಗುವ ಸಂಭವ ಎಷ್ಟು? ಆದರೆ ಗ್ಯಾಲಕ್ಸಿಗಳ ಅಳತೆಯೇ ಬೇರೆ. ನಮ್ಮ ಗ್ಯಾಲಕ್ಸಿಯ ಅಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ, ದಪ್ಪ ಒಂದು ಸಾವಿರ. ಒಂದು ಅಡಿ ಅಗಲದ, ಮೂರು ಮಿಲಿಮೀಟರ್ ದಪ್ಪದ ದೋಸೆ. ತೆಳ್ಳೇವು ಮಾಡುವ ನಮ್ಮ ಅತ್ತೆಯಂದಿರು ಇಷ್ಟು ದಪ್ಪವನ್ನು ಒಪ್ಪಲಿಕ್ಕಿಲ್ಲ, ಇರಲಿ. ಈ ದೋಸೆಯನ್ನು ಬಾಳೆಯೆಲೆಗೆ ಹಾಕಿದರೆ ಆಂಡ್ರೊಮಿಡ ಗ್ಯಾಲಕ್ಸಿ ಇರುವುದು 25 ಅಡಿ ಆಚೆ, ಅದೇ ಪಂಕ್ತಿಯಲ್ಲಿ ಕೂತವರ ಎಲೆಯಲ್ಲಿ. ನಕ್ಷತ್ರಗಳು ಒಂಟಿ, ಗ್ಯಾಲಕ್ಸಿಗಳು ನೆರೆಹೊರೆ. ಹಾಗಾಗಿ ನಕ್ಷತ್ರಗಳ ಡಿಕ್ಕಿ ಅಪರೂಪ, ಗ್ಯಾಲಕ್ಸಿಗಳ ತಿಕ್ಕಾಟ ದಿನನಿತ್ಯದ ಸಂಗತಿ.

ತಾಗದೇ ಇದ್ದರೆ ಸಂಗಾತಿ ಹಾಗೇ ಹಾದುಹೋಗಬೇಕಲ್ಲ, ಒಳಗೆ ಬಿದ್ದು ಕರಗುವುದೇಕೆ? ಇದಕ್ಕೆ ಲೆಕ್ಕ ಹಾಕಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್, 1943ರಲ್ಲಿ. ಶಿರಸಿಯ ಮಾರಿಜಾತ್ರೆ ನೆನೆಯಿರಿ. ಯಾರಿಗೂ ಗುರುತಿಲ್ಲದ ನಾನು ಬಿಡಕಿ ಬಯಲಿನಲ್ಲಿ ಈ ತುದಿಯಿಂದ ಆ ತುದಿಗೆ ಹತ್ತೇ ನಿಮಿಷದಲ್ಲಿ ದಾಟುತ್ತೇನೆ. ಊರಿಗೆಲ್ಲ ಬೇಕಾದ ಹಿರಿಯರೊಬ್ಬರು ಹೊರಟರೆ? ಅವರು ದಾಟಿದ ದಾರಿಯಲ್ಲೆಲ್ಲ ಜನ ಅವರತ್ತ ತಿರುಗಿ ಬೆನ್ನ ಹಿಂದೆ ಗುಂಪಾಗುತ್ತಾರೆ, ‘ಓ ಇಲ್ಲಿ ಬನ್ನಿ ಮಾರಾಯ್ರೇ’ ಎಂದು ಜಗ್ಗುತ್ತಾರೆ, ನಡಿಗೆ ನಿಧಾನವಾಗುತ್ತದೆ. ತೂಕವಿರುವ ಗ್ಯಾಲಕ್ಸಿ ನಕ್ಷತ್ರಗಳ ನಡುವೆ ನುಗ್ಗುವಾಗಲೂ ಹೀಗೇ. ಅದರ ಸೆಳೆತಕ್ಕೆ ಸಿಕ್ಕ ನಕ್ಷತ್ರಗಳು ಅದರ ಹಿಂದೆ ದಟ್ಟೈಸಿ, ಅದನ್ನೇ ಹಿಂದಕ್ಕೆ ಎಳೆಯುತ್ತವೆ. ವೇಗ ತಗ್ಗುತ್ತದೆ, ಸುತ್ತು ಕಿರಿದಾಗುತ್ತದೆ, ಕೊನೆಗೊಮ್ಮೆ ಒಳಗೇ ಉಳಿದುಬಿಡುತ್ತದೆ. ಎನ್‌ಜಿಸಿ 1097ರ ಸುತ್ತ ಮಸುಕಾದ ನಾಲ್ಕು ನೇರ ಗೀರುಗಳಿವೆ. ಹಿಂದೆ ಹೀಗೆ ಸಿಕ್ಕಿ ಪುಡಿಯಾದ ಇನ್ನೊಂದು ಕುಬ್ಜ ಗ್ಯಾಲಕ್ಸಿಯ ನಕ್ಷತ್ರಗಳು ಅವು ಎಂಬುದು ಸದ್ಯಕ್ಕೆ ಹೆಚ್ಚಿನವರು ಒಪ್ಪುವ ವಿವರಣೆ.

ಇಷ್ಟು ಹೊತ್ತು ಪಕ್ಕದ ಮನೆಯ ಮಾತಾಯಿತು. ಹುಡುಗನಿಗೆ ನಾನು ಹೇಳಿದ್ದು ನಮ್ಮ ಮನೆಯದು.

ಆಕಾಶಗಂಗೆಗೂ ತೊಲೆಯಿದೆ ಎಂಬ ಗುಮಾನಿ 1960ರ ದಶಕದಿಂದಲೇ ಇತ್ತು. ಆದರೆ ಗಾಣದ ಮೇಲೆಯೇ ಕೂತ ಇರುವೆಗೆ ಗಾಣದ ಆಕಾರ ತಿಳಿಯುವುದು ಹೇಗೆ? ಧೂಳು ಬೇರೆ ಅಡ್ಡ. ಧೂಳು ದಾಟಿ ನೋಡುವ ಅವಕೆಂಪು ಕಣ್ಣುಗಳು ಬಂದ ಮೇಲೆ, 1990ರ ದಶಕದಲ್ಲಿ ಸಂಗತಿ ಖಚಿತವಾಯಿತು. 2005ರಲ್ಲಿ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕದ ಎಣಿಕೆಯಿಂದ ತೊಲೆಯ ಉದ್ದ ಸುಮಾರು 27,000 ಜ್ಯೋತಿರ್ವರ್ಷ ಎಂದರು. ನಾವು ಕೇಂದ್ರದಿಂದ 26,000 ಜ್ಯೋತಿರ್ವರ್ಷ ದೂರದಲ್ಲಿದ್ದೇವೆ, ತೊಲೆಯ ತುದಿಗಿಂತ ಸಾಕಷ್ಟು ಆಚೆ. ತಲೆ ತಗ್ಗಿಸುವ ಅಗತ್ಯವಿಲ್ಲ.

ಸಂಗಾತಿಯೂ ಇದೆ. 1994ರಲ್ಲಿ ಇಬಾಟ, ಗಿಲ್ಮೋರ್, ಇರ್ವಿನ್ ಎಂಬ ಮೂವರು ಆಕಾಶಗಂಗೆಯ ಕೇಂದ್ರದ ಆಚೆ ಬದಿಯಲ್ಲಿ, ಧನುಸ್ಸು ರಾಶಿಯ ದಿಕ್ಕಿನಲ್ಲಿ, ಜಜ್ಜಿಹೋದ ಒಂದು ಕುಬ್ಜ ಗ್ಯಾಲಕ್ಸಿಯನ್ನು ಕಂಡುಹಿಡಿದರು. ತಮಾಷೆಯೆಂದರೆ ಅದರ ತಿರುಳನ್ನು ಮನುಷ್ಯರು ಆಗಲೇ ನೋಡಿಯಾಗಿತ್ತು. 1778ರಲ್ಲಿ ಚಾರ್ಲ್ಸ್ ಮೆಸಿಯೆ ತನ್ನ ಪಟ್ಟಿಯಲ್ಲಿ 54ನೆಯದಾಗಿ ಬರೆದುಕೊಂಡ ನಕ್ಷತ್ರಗುಚ್ಛ ಈ ಕುಬ್ಜ ಗ್ಯಾಲಕ್ಸಿಯ ನಡುಗುಂಡಿಗೆಯಲ್ಲಿದೆ, ನಮ್ಮಿಂದ ಸುಮಾರು 87,000 ಜ್ಯೋತಿರ್ವರ್ಷ ದೂರ. 216 ವರ್ಷ ಅದನ್ನು ನಮ್ಮದೇ ಮನೆಯ ಸಾಮಾನು ಎಂದುಕೊಂಡಿದ್ದೆವು. ಈ ಕುಬ್ಜ ಗ್ಯಾಲಕ್ಸಿಯ ಮೈಯಿಂದ ಕಿತ್ತ ನಕ್ಷತ್ರಗಳು ಆಕಾಶಗಂಗೆಯನ್ನು ಸುತ್ತಿ ಎಳೆಯೆಳೆಯಾಗಿ ಹಬ್ಬಿವೆ. ಜೋನಿಬೆಲ್ಲವನ್ನು ಚಮಚದಿಂದ ಎತ್ತಿದಾಗ ಬೀಳುವ ನೂಲಿನಂತೆ.

ಸಣ್ಣದು ದೊಡ್ಡದಕ್ಕೆ ಪೆಟ್ಟು ಕೊಡದೆ ಸಾಯುವುದಿಲ್ಲ. ಯುರೋಪಿನ ಗಾಯಾ ಉಪಗ್ರಹ ನೂರು ಕೋಟಿಗೂ ಮಿಕ್ಕಿದ ನಕ್ಷತ್ರಗಳ ಸ್ಥಾನ, ಚಲನೆಗಳನ್ನು ಅಳೆಯಿತು. 2018ರಲ್ಲಿ ಆ ಅಂಕಿಗಳೊಳಗೆ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಕಾಣಿಸಿತು. ಅಂದರೆ ನಮ್ಮ ಸುತ್ತಲಿನ ನಕ್ಷತ್ರಗಳು, ಕೆರೆಗೆ ಕಲ್ಲು ಬಿದ್ದಂತೆ, ಇನ್ನೂ ಮೇಲೆ ಕೆಳಗೆ ತೂಗಾಡುತ್ತಿವೆ. ಕಲ್ಲು ಬಿದ್ದದ್ದು 30ರಿಂದ 90 ಕೋಟಿ ವರ್ಷಗಳ ಹಿಂದೆ, ಅದನ್ನು ಎಸೆದ ಆರೋಪಿಗಳ ಪಟ್ಟಿಯಲ್ಲಿ ಧನುಸ್ಸಿನ ಕುಬ್ಜನೇ ಮೊದಲಿಗ. 2020ರಲ್ಲಿ ಬಂದ ಇನ್ನೊಂದು ಅಧ್ಯಯನ ನಮ್ಮ ನೆರೆಯ ನಕ್ಷತ್ರಗಳ ವಯಸ್ಸು ಲೆಕ್ಕ ಹಾಕಿ, 570 ಕೋಟಿ, 190 ಕೋಟಿ, 100 ಕೋಟಿ ವರ್ಷಗಳ ಹಿಂದೆ ನಕ್ಷತ್ರಗಳ ಸುಗ್ಗಿಯೇ ನಡೆದಿತ್ತು, ಅವು ಈ ಕುಬ್ಜ ಹತ್ತಿರ ಬಂದು ಹೋದ ಕಾಲಕ್ಕೆ ಹೊಂದುತ್ತವೆ ಎಂದಿತು. ನಮ್ಮ ಸೂರ್ಯನಿಗೆ ಈಗ 460 ಕೋಟಿ ವರ್ಷ. ಮೊದಲ ಸುಗ್ಗಿಯ ಬೆನ್ನಿಗೆ ಹುಟ್ಟಿದವನು.

ಎಳೆದಾಟಕ್ಕೂ ನಕ್ಷತ್ರದ ಸುಗ್ಗಿಗೂ ಏನು ನಂಟು ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲೂ ಉತ್ತರ ಹುಡುಕಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಚಂದಾ ಜೋಗ್ ಅವರು ಫಿಲಿಪ್ ಸೊಲೊಮನ್ ಜತೆ 1992ರಲ್ಲಿ ಪ್ರಕಟಿಸಿದ ವಿವರಣೆ ಸರಳವಾಗಿದೆ: ಎರಡು ಗ್ಯಾಲಕ್ಸಿಗಳ ತೆಳು ಅನಿಲ ಬಡಿದು ಬಿಸಿಯಾಗುತ್ತದೆ, ಆ ಬಿಸಿ ಅನಿಲ ನಡುವಿನ ದಟ್ಟ ಮೋಡಗಳನ್ನು ಸುತ್ತಲಿನಿಂದ ಹಿಂಡುತ್ತದೆ, ಹಿಂಡಿದ ಮೋಡ ನಕ್ಷತ್ರವಾಗುತ್ತದೆ. (ಸಿದ್ದಾಪುರದವರು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಅವರ ಅಡ್ಡಹೆಸರಿಗೂ ಜೋಗದ ಗುಂಡಿಗೂ ಸಂಬಂಧವಿಲ್ಲ.) ಕೋರಮಂಗಲದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಅನ್ನಪೂರ್ಣಿ ಸುಬ್ರಮಣ್ಯಂ ಅವರದು ಮೆಗಲನ್ ಮೋಡಗಳ ಅಧ್ಯಯನ. ದೊಡ್ಡ ಮೆಗಲನ್ ಮೋಡ ನಮ್ಮ ಇನ್ನೊಂದು ಸಂಗಾತಿ. ಅದಕ್ಕೂ ತೊಲೆಯಿದೆ, ಆದರೆ ತೊಲೆ ನಡುವಿನಲ್ಲಿಲ್ಲ, ಪಕ್ಕಕ್ಕೆ ಸರಿದು ಕೂತಿದೆ. ಬಾಹುವೂ ಒಂದೇ. ಈ ಸೊಟ್ಟ ತೊಲೆಯ ಬಗ್ಗೆ ಅವರು ಸ್ಮಿತಾ ಸುಬ್ರಮಣಿಯನ್ ಜತೆ 2009ರಲ್ಲೇ ಪ್ರಬಂಧ ಬರೆದಿದ್ದರು. 2015ರ ಸೆಪ್ಟೆಂಬರಿನಲ್ಲಿ ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿರುವ ಅತಿನೇರಳೆ ದೂರದರ್ಶಕವನ್ನು ಕಟ್ಟುವಲ್ಲಿ ಮುಂದಾಳತ್ವ ವಹಿಸಿದ್ದೂ ಇದೇ ಸಂಸ್ಥೆ.

ದೊಡ್ಡ ಮೆಗಲನ್ ಮೋಡ ನಮ್ಮೂರಿಂದ ಕಾಣುತ್ತದೆಯೇ? ಲೆಕ್ಕಕ್ಕೆ ಕಾಣಬೇಕು. ಜನವರಿ ನಡುವಿನಲ್ಲಿ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ನೇರ ದಕ್ಷಿಣದಲ್ಲಿ ಐದೂವರೆ ಡಿಗ್ರಿ ಎತ್ತರಕ್ಕೆ ಬರುತ್ತದೆ, ಅಂದರೆ ಕೈ ನೀಡಿ ಅಡ್ಡ ಹಿಡಿದ ಮೂರು ಬೆರಳಿನಷ್ಟು. ನಮ್ಮ ಅಡಿಕೆ ಮರಗಳ ತಲೆಯೇ ಅದಕ್ಕಿಂತ ಎಷ್ಟೋ ಮೇಲಿದೆ. ನಾನು ಎರಡು ವರ್ಷ ಗುಡ್ಡ ಹತ್ತಿ ನೋಡಿದ್ದೇನೆ, ಮಂಜಿನ ಹೊರತು ಏನೂ ಸಿಕ್ಕಿಲ್ಲ.

ಮಲೆನಾಡಿನ ನಮಗೂ ನಕ್ಷತ್ರಕ್ಕೂ ಇರುವ ಸಂಬಂಧವೇ ವಿಚಿತ್ರ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಹೆಸರೆಲ್ಲ ಬಾಯಿಪಾಠ. ಆದರೆ ಅವು ನಮಗೆ ಮಳೆಯ ಹೆಸರುಗಳು. ಸೂರ್ಯ ಯಾವ ನಕ್ಷತ್ರದಲ್ಲಿರುತ್ತಾನೋ ಆ ಮಳೆ. ಸೂರ್ಯನ ಜತೆಗಿರುವ ನಕ್ಷತ್ರ ಹಗಲಿನಲ್ಲಿ ಮುಳುಗಿರುತ್ತದೆ, ಮೇಲಿಂದ ಮೋಡದ ಮುಸುಕು. ಹೆಸರು ಗೊತ್ತು, ಮುಖ ಗೊತ್ತಿಲ್ಲ. ಗ್ಯಾಲಕ್ಸಿಯ ಕೇಂದ್ರವಿರುವುದು ಮೂಲಾ ನಕ್ಷತ್ರದ ಹತ್ತಿರದ ದಿಕ್ಕಿನಲ್ಲಿ. ಹೆಸರು ನೋಡಿ ‘ನಮ್ಮ ಹಿರಿಯರಿಗೆ ಆಗಲೇ ಗೊತ್ತಿತ್ತು’ ಎಂದು ವಾಟ್ಸಾಪಿನಲ್ಲಿ ಬರೆಯುವವರಿದ್ದಾರೆ. ಆ ಕೇಂದ್ರ ಎಲ್ಲಿದೆ ಎಂಬುದು ಮನುಷ್ಯರಿಗೆ ಅಂದಾಜಾದದ್ದೇ ಇಪ್ಪತ್ತನೆಯ ಶತಮಾನದಲ್ಲಿ. ಕಾಕತಾಳೀಯವನ್ನು ಕಾಕತಾಳೀಯವಾಗಿಯೇ ಬಿಡುವುದು ವಾಸಿ. ಮೂಲಾ ನಡುರಾತ್ರಿ ನೆತ್ತಿಯ ದಕ್ಷಿಣಕ್ಕೆ ಬರುವ ಜೂನ್ ತಿಂಗಳಲ್ಲಂತೂ ನಮ್ಮಲ್ಲಿ ಜಡಿಮಳೆ.

ಮಳೆ ಇಲ್ಲದಿದ್ದರೆ ದೀಪ ಅಡ್ಡ. ಚಾಲಿ ಒಣಗಿಸುವ ಅಂಗಳ, ದೇವಸ್ಥಾನದ ಬಯಲು, ಗೇಟಿನ ಕಂಬ, ಎಲ್ಲ ಕಡೆ ರಾತ್ರಿಯಿಡೀ ಬಿಳಿ ಎಲ್‌ಇಡಿ. ಕಾಡುಹಂದಿಗೂ ಕಳ್ಳರಿಗೂ ಹೆದರಿ ಹಾಕಿದ್ದು, ಬೇಡವೆನ್ನುವುದು ಹೇಗೆ. ಒಂದು ಗಂಟೆ ಆರಿಸಿ ಎನ್ನಬಹುದು.

ಮುಂದಿನ ಸಂಕ್ರಾಂತಿಯ ಆಸುಪಾಸಿನ ಅಮಾವಾಸ್ಯೆಗೆ, ಸಂಜೆ ಏಳೂವರೆ ಗಂಟೆಗೆ, ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ನೆತ್ತಿಗೂ ದಿಗಂತಕ್ಕೂ ನಡುವೆ ಬರಿಗಣ್ಣಿಗೆ ಖಾಲಿಯಂತೆ ಕಾಣುವ ಜಾಗದಲ್ಲಿ ಎನ್‌ಜಿಸಿ 1097 ಇದೆ. ಆರಿಂಚಿನ ದೂರದರ್ಶಕ ಇದ್ದವರಿಗೆ ಅದು ಮಸುಕಾದ ಒಂದು ಕಲೆಯಾಗಿ ಸಿಗುತ್ತದೆ. ತೊಲೆ ಕಾಣಬೇಕೆಂದರೆ ಇನ್ನೂ ದೊಡ್ಡ ಕನ್ನಡಿ ಬೇಕು. ಆ ಬೆಳಕು ಹೊರಟಾಗ ಭಾರತದ ನೆಲ ಏಷ್ಯಾಕ್ಕೆ ಒತ್ತಿಕೊಂಡು ಹಿಮಾಲಯ ಏಳತೊಡಗಿತ್ತು. ದೂರದರ್ಶಕ ಇಲ್ಲದವರು ಅಕ್ಟೋಬರ್ ನಡುವಿನಲ್ಲಿ, ಮಳೆ ಬಿಟ್ಟ ಒಂದು ರಾತ್ರಿ ಏಳೂವರೆಗೆ, ನೈಋತ್ಯಕ್ಕೆ ವಾಲಿರುವ ಧನುಸ್ಸಿನಲ್ಲಿ ಉತ್ತರಾಷಾಢದ ತಾರೆಗಳ ಕೆಳಬದಿಗೆ ಸಾಧಾರಣ ಬೈನಾಕ್ಯುಲರ್ ತಿರುಗಿಸಿ. ಹಿಂಜಿದ ಹತ್ತಿಯ ಚೂರಿನಂಥ ಒಂದು ಚುಕ್ಕೆ ಸಿಕ್ಕರೆ ಅದು ಮೆಸಿಯೆಯ 54. ನಮ್ಮ ಗಾಣಕ್ಕೆ ಸಿಕ್ಕಿರುವ ಕಬ್ಬು ಅದೇ.